ಹೆಬ್ಬೆರಳಿನ ಅರ್ಥ ಹೇಳುವವರು ಯಾರು?

2022ರ ಆಗಸ್ಟ್‌ನಲ್ಲಿ ಕೊಲ್ಹಾಪುರ ಜಿಲ್ಲೆಯ ಹಾತಕಣಂಗಲೆ ಪೊಲೀಸ್ ಠಾಣೆಯಲ್ಲಿ ಒಂದು ಪ್ರಕರಣ ದಾಖಲಾಯಿತು. ಆರೋಪಿ, ಜಿಲ್ಲೆಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ಕಾಶ್ಮೀರದ ಪ್ರಾಧ್ಯಾಪಕ. ದೂರಿಗೆ ಕಾರಣವಾದದ್ದು ಅವರು ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಹಾಕಿದ ತುಂಡು ಸಾಲುಗಳು. ಆಗಸ್ಟ್ 5 ಜಮ್ಮು-ಕಾಶ್ಮೀರಕ್ಕೆ ಕರಾಳ ದಿನ ಎಂಬುದು ಒಂದು ಸಾಲು, ಆಗಸ್ಟ್ 14ರಂದು ಪಾಕಿಸ್ತಾನಕ್ಕೆ ಸ್ವಾತಂತ್ರ್ಯ ದಿನದ ಶುಭಾಶಯ ಎಂಬುದು ಇನ್ನೊಂದು. ಶಿಕ್ಷಕರೂ ಪಾಲಕರೂ ಇದ್ದ ಗುಂಪಿನಲ್ಲಿ ಅವರಿದ್ದರು. ಗುಂಪುಗಳ ನಡುವೆ ದ್ವೇಷ ಬಿತ್ತಿದ ಆರೋಪದ ಮೇಲೆ ಆಗಿನ ದಂಡಸಂಹಿತೆಯ 153ಎ ಕಲಮು ಹಾಕಲಾಯಿತು. 2023ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಪ್ರಕರಣ ರದ್ದುಮಾಡಲು ಒಪ್ಪಲಿಲ್ಲ. 2024ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಅಭಯ್ ಎಸ್. ಓಕಾ ಮತ್ತು ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಅವರ ಪೀಠ ಅದನ್ನು ರದ್ದುಮಾಡಿತು. ಮೊದಲ ಸಾಲು ಕಾಶ್ಮೀರದ ವಿಶೇಷ ಸ್ಥಾನ ತೆಗೆದ ಸರ್ಕಾರದ ತೀರ್ಮಾನದ ವಿರುದ್ಧ ವ್ಯಕ್ತವಾದ ಪ್ರತಿಭಟನೆ, ಎರಡನೆಯದು ಬರೀ ಶುಭಾಶಯ. ಮಾತಿನ ಪರಿಣಾಮವನ್ನು ವಿವೇಕವುಳ್ಳ ಮನುಷ್ಯರ ಅಳತೆಯಲ್ಲಿ ನೋಡಬೇಕೇ ಹೊರತು ದುರ್ಬಲ ಮನಸ್ಸಿನವರ ಅಳತೆಯಲ್ಲಿ ಅಲ್ಲ ಎಂದು ಪೀಠ ಹೇಳಿತು. ಬೆರಳ ತುದಿಯಲ್ಲಿ ನಿಮಿಷದೊಳಗೆ ಬರೆದ ಸಾಲುಗಳ ಅರ್ಥ ಇತ್ಯರ್ಥವಾಗಲು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಈ ಪ್ರಕರಣವನ್ನು ವಾಕ್ ಸ್ವಾತಂತ್ರ್ಯದ ಪ್ರಶ್ನೆಯಾಗಿ ಬಹಳ ಜನ ಚರ್ಚಿಸಿದ್ದಾರೆ. ಅದರೊಳಗೆ ಓದಿನ ಪ್ರಶ್ನೆಯೂ ಒಂದಿದೆ. ಮೊಬೈಲಿನಲ್ಲಿ ನಾವು ಬರೆಯುವುದು ಹೆಚ್ಚಾಗಿ ಮೊಟಕು ಬರಹ. ಜಿಎಂ, ಆರ್‌ಐಪಿ, ಎಲ್‌ಓಎಲ್‌ನಂಥ ಅಕ್ಷರಗುಚ್ಛ, ನಗುವ ಮುಖ, ಎತ್ತಿದ ಹೆಬ್ಬೆರಳು, ಮುಗಿದ ಕೈ, ಒಂದು ಸಾಲಿನ ಸ್ಟೇಟಸ್. ಪೂರ್ತಿ ವಾಕ್ಯ ತನ್ನ ಅರ್ಥದ ಬಹುಪಾಲನ್ನು ತಾನೇ ಹೊತ್ತುಕೊಂಡು ಹೋಗುತ್ತದೆ. ಮೊಟಕು ಬರಹಕ್ಕೆ ಆ ಶಕ್ತಿ ಇಲ್ಲ. ಕಳಿಸಿದವರು ಯಾರು, ಪಡೆದವರು ಯಾರು, ಅವರ ನಡುವೆ ಮೊದಲು ಏನು ನಡೆದಿತ್ತು ಎಂಬುದು ಗೊತ್ತಿದ್ದರಷ್ಟೇ ಅದು ತಿಳಿಯುತ್ತದೆ. ಆದ್ದರಿಂದ ಅದರ ಅರ್ಥವನ್ನು ಅದು ಓಡಾಡುವ ಬಳಗದಲ್ಲೇ ಹುಡುಕಬೇಕು. ಇದನ್ನು ಒಪ್ಪಿದರೆ ಎರಡು ಕರ್ತವ್ಯಗಳು ಹುಟ್ಟುತ್ತವೆ. ಓದುವವನು, ಅವನು ಪೊಲೀಸನಾಗಲಿ ಪಕ್ಕದ ಮನೆಯವನಾಗಲಿ, ಬಳಗವನ್ನು ನೋಡದೆ ತೀರ್ಪು ಕೊಡಬಾರದು. ಬರೆಯುವವನು, ಮಾತು ಬಳಗ ದಾಟಿ ಹೋಗುವುದೆಂದು ಗೊತ್ತಿರುವಾಗ ಮೊಟಕು ಬರಹವನ್ನು ನಂಬಬಾರದು.

ಹೆಬ್ಬೆರಳಿನ ಚಿತ್ರವನ್ನೇ ತೆಗೆದುಕೊಳ್ಳೋಣ. ಕೆನಡಾದ ಸಾಸ್ಕಾಚೆವನ್ ಪ್ರಾಂತದಲ್ಲಿ 2021ರಲ್ಲಿ ಧಾನ್ಯ ವ್ಯಾಪಾರಿಯೊಬ್ಬ ರೈತನಿಗೆ ಅಗಸೆ ಖರೀದಿಯ ಕರಾರುಪತ್ರದ ಫೋಟೋ ಕಳಿಸಿ, ಖಚಿತಪಡಿಸಿ ಎಂದು ಕೇಳಿದ. ರೈತ ಹೆಬ್ಬೆರಳು ಎತ್ತಿದ. ಅಗಸೆ ಬರಲಿಲ್ಲ, ಅಷ್ಟರಲ್ಲಿ ಧಾರಣೆ ಏರಿತ್ತು. ಪತ್ರ ತಲುಪಿತು ಎಂದಷ್ಟೇ ನನ್ನ ಅರ್ಥ ಎಂದು ರೈತ ವಾದಿಸಿದ. 2023ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು ಒಪ್ಪದೆ ಸುಮಾರು 82 ಸಾವಿರ ಕೆನಡಾ ಡಾಲರ್ ಪರಿಹಾರ ಕೊಡಿಸಿತು. ಮರುವರ್ಷ ಮೇಲ್ಮನವಿಯಲ್ಲೂ ರೈತ ಸೋತ. ನಮ್ಮ ಮದ್ರಾಸ್ ಹೈಕೋರ್ಟಿನ ಮುಂದೆ ಬಂದದ್ದೂ ಇದೇ ಹೆಬ್ಬೆರಳು. ಅಧಿಕಾರಿಯೊಬ್ಬರ ಕೊಲೆಯ ವಿಷಯ ಬಂದಿದ್ದ ಗುಂಪಿನಲ್ಲಿ ರೈಲ್ವೆ ರಕ್ಷಣಾ ಪಡೆಯ ಪೇದೆಯೊಬ್ಬ ಹೆಬ್ಬೆರಳು ಒತ್ತಿ, ಕೊಲೆಯನ್ನು ಸಂಭ್ರಮಿಸಿದ ಎಂದು ಕೆಲಸ ಕಳೆದುಕೊಂಡಿದ್ದ. ಅದು ಸಂದೇಶ ನೋಡಿದ್ದೇನೆ ಎಂಬ ಸೂಚನೆ, ಸಂಭ್ರಮವಲ್ಲ ಎಂದು 2024ರಲ್ಲಿ ವಿಭಾಗೀಯ ಪೀಠ ಹೇಳಿತು. ಒಂದೇ ಚಿತ್ರಕ್ಕೆ ಒಂದು ಕಡೆ ‘ಒಪ್ಪಿದೆ’ ಎಂದೂ ಇನ್ನೊಂದು ಕಡೆ ‘ನೋಡಿದೆ’ ಎಂದೂ ಅರ್ಥ ಬಂತು. ತೀರ್ಪುಗಳು ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಓದಿದ ಕ್ರಮ ಒಂದೇ. ಕೆನಡಾದ ರೈತ ಅದಕ್ಕೂ ಮೊದಲು ಇದೇ ವ್ಯಾಪಾರಿಗೆ ಒಂದೆರಡು ಪದದ ಉತ್ತರ ಕೊಟ್ಟು ಮಾಲು ತಲುಪಿಸಿದ್ದ. ಆ ಹಳೆಯ ವ್ಯವಹಾರವೇ ಅವನ ಹೆಬ್ಬೆರಳಿಗೆ ಅರ್ಥ ಕೊಟ್ಟಿತು. ಪೇದೆಯ ಹೆಬ್ಬೆರಳನ್ನು ಸಂಭ್ರಮವೆಂದು ಓದಲು ಪೀಠಕ್ಕೆ ಕಾರಣ ಕಾಣಲಿಲ್ಲ.

ಇದು ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿಗೆ ದೂರದ ಸುದ್ದಿಯಲ್ಲ. 1904ರಲ್ಲಿ ವಿಠ್ಠಲರಾವ ದಾತಾರರು ಮೊದಲ ವಿದ್ಯುತ್ ಮಗ್ಗ ಹೂಡಿದಲ್ಲಿಂದ ಬೆಳೆದ ಆ ಊರಿನ ಜವಳಿ ವ್ಯವಹಾರ ಬಾಯಿಮಾತಿನ ನಂಬಿಕೆಯ ಮೇಲೆ ನಿಂತದ್ದು. ವ್ಯಾಪಾರಿಯಿಂದ ನೂಲು ಪಡೆದು ಮಜೂರಿಗೆ ನೇಯ್ದು ಕೊಡುವ ಸಣ್ಣ ಮಗ್ಗದವರನ್ನು ಅಲ್ಲಿ ಖರ್ಚೀವಾಲಾ ಎನ್ನುತ್ತಾರೆ. ಅವರ ಮಜೂರಿಯ ಲೆಕ್ಕ ಪಿಕ್ಕಿನ, ಎಂದರೆ ಅಡ್ಡನೂಲಿನ ಎಳೆಯ ಮೇಲೆ, ಪೈಸೆಯಲ್ಲಿ. ಒಂದೆರಡು ಪೈಸೆ ಆಚೀಚೆಯಾದರೂ ತಿಂಗಳ ಕೊನೆಗೆ ಅದು ದೊಡ್ಡ ಮೊತ್ತ. ದರ, ತಾಗೆಗಳ (ಬಟ್ಟೆಯ ಸುರುಳಿಗಳ) ಸಂಖ್ಯೆ, ಹಣ ಕೊಡುವ ದಿನ ಎಲ್ಲ ವಾಟ್ಸ್ಆ್ಯಪ್‌ನಲ್ಲಿ ನಡೆದು ಕೊನೆಗೆ ಒಂದು ಹೆಬ್ಬೆರಳಿನಲ್ಲಿ ಮುಗಿದರೆ, ಧಾರಣೆ ಬಿದ್ದ ದಿನ ಆ ಬೆರಳು ಯಾರ ಕಡೆ ಸಾಕ್ಷಿ ಹೇಳುತ್ತದೆ? ಭಾರತದ ಕಾನೂನು ಇದಕ್ಕೆ ಬಾಗಿಲು ಮುಚ್ಚಿಲ್ಲ. ಒಪ್ಪಿಗೆ ಮಾತಿನಲ್ಲೇ ಇರಬೇಕಿಲ್ಲ ಎಂದು 1872ರ ಕರಾರು ಕಾಯ್ದೆಯ 9ನೇ ಕಲಮು ಹೇಳುತ್ತದೆ. ವಿದ್ಯುನ್ಮಾನ ರೂಪದಲ್ಲಿದೆ ಎಂಬ ಕಾರಣಕ್ಕಷ್ಟೇ ಕರಾರು ಬಿದ್ದುಹೋಗದು ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು 2009ರಿಂದ ಹೇಳುತ್ತಿದೆ. ಎಂದರೆ ಹೆಬ್ಬೆರಳು ಕರಾರಾಗಬಹುದು, ಆಗದೆಯೂ ಇರಬಹುದು. ದೊಡ್ಡ ವ್ಯಾಪಾರಿಗೆ ಆ ಅನಿಶ್ಚಯವನ್ನು ಕೋರ್ಟಿಗೆ ಒಯ್ಯಲು ವಕೀಲರಿದ್ದಾರೆ. ನಾಲ್ಕೆಂಟು ಮಗ್ಗದವನಿಗೆ ಮೊದಲೇ ಬರೆದ ಒಂದು ಪೂರ್ತಿ ವಾಕ್ಯವೇ ವಕೀಲ.

ಇಲ್ಲಿ ಭಾಷಾಭಿಮಾನಿಗಳ ಆಕ್ಷೇಪ ಬರುತ್ತದೆ: ಈ ಅಕ್ಷರಗುಚ್ಛಗಳೇ ಭಾಷೆಯನ್ನು ಕೆಡಿಸಿದವು, ಇವನ್ನು ಬಿಟ್ಟುಬಿಟ್ಟರೆ ಗೊಂದಲವೇ ಇರದು ಎಂದು. ಇದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಕೊಲ್ಹಾಪುರದ ಶಾಲೆಗಳಲ್ಲಿ ತಲೆಮಾರುಗಟ್ಟಲೆ ಮಕ್ಕಳು ಪತ್ರ ಬರೆಯಲು ಕಲಿತದ್ದೇ ಸಾ.ನ.ವಿ.ವಿ. ಎಂಬ ನಾಲ್ಕು ಅಕ್ಷರಗಳಿಂದ. ಸಾಷ್ಟಾಂಗ ನಮಸ್ಕಾರ ವಿನಂತಿ ವಿಶೇಷ ಎಂಬುದರ ಮೊಟಕು ಅದು. ಗಡಿಯ ಈಚೆ ನಮ್ಮ ಲಗ್ನಪತ್ರಿಕೆಗಳಲ್ಲಿ ಚಿ.ರಾ., ಚಿ.ಸೌ. ಇಂದಿಗೂ ನಡೆಯುತ್ತವೆ. ವಿಳಾಸದ ಮು.ಪೋ., ತಾ., ಜಿ. ಎರಡೂ ಭಾಷೆಗಳಿಗೆ ಸಮಾನ. ಈ ಮೊಟಕುಗಳು ಭಾಷೆಯನ್ನು ಕೆಡಿಸಲಿಲ್ಲ. ಹಿರಿಯರಿಗೆ ಯಾವುದು, ಕಿರಿಯರಿಗೆ ಯಾವುದು, ಮುತ್ತೈದೆಗೆ ಯಾವುದು ಎಂಬ ಮರ್ಯಾದೆಯ ಮೆಟ್ಟಿಲುಗಳನ್ನು ಎರಡಕ್ಷರದಲ್ಲಿ ಹಿಡಿದಿಟ್ಟವು. ವ್ಯತ್ಯಾಸವಿರುವುದು ಕಲಿಸುವವರಲ್ಲಿ. ಹಳೆಯ ಮೊಟಕುಗಳನ್ನು ಶಾಲೆ ಕಲಿಸಿತು, ಅಂಚೆ ಕಚೇರಿ ಒಪ್ಪಿತು, ಊರೆಲ್ಲ ಒಂದೇ ಅರ್ಥದಲ್ಲಿ ಬಳಸಿತು. ಇಂದಿನವನ್ನು ಯಾರೂ ಕಲಿಸುವುದಿಲ್ಲ. ಕಾಲೇಜಿನ ಹುಡುಗರ ಗುಂಪು ಒಂದು ಅರ್ಥ ಕಟ್ಟಿಕೊಂಡರೆ ಅವರದೇ ಮನೆಯ ಅಜ್ಜಿ-ಅಜ್ಜನ ಗುಂಪು ಬೇರೆ ಅರ್ಥ ಕಟ್ಟಿಕೊಂಡಿರುತ್ತದೆ. ಬಳಗ ಚದುರಿದರೆ ಬರಹದ ಗತಿ ಏನೆಂಬುದಕ್ಕೆ ಮೋಡಿ ಲಿಪಿಯೇ ಸಾಕ್ಷಿ. ಒಂದು ಕಾಲಕ್ಕೆ ಮರಾಠಿ ದಫ್ತರಗಳೆಲ್ಲ ಅದರಲ್ಲೇ ಇದ್ದವು. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ಕುಣಬಿ ಜಾತಿಯ ದಾಖಲೆಗಳನ್ನು ಹುಡುಕಿಸಿದಾಗ ಅದನ್ನು ಓದಬಲ್ಲವರನ್ನೇ ಮೊದಲು ಹುಡುಕಬೇಕಾಯಿತು.

ಗಡಿಭಾಗದಲ್ಲಿ ಈ ಚದುರುವಿಕೆ ಇನ್ನೂ ಹೆಚ್ಚು. ಗಡಹಿಂಗ್ಲಜ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ ಆಡುವ ಎಷ್ಟೋ ಕುಟುಂಬಗಳ ಮಕ್ಕಳು ಓದುವುದು ಮರಾಠಿ ಶಾಲೆಯಲ್ಲಿ. ಅವರ ನೆಂಟರು ಸಂಕೇಶ್ವರ, ನಿಪ್ಪಾಣಿ, ಹುಕ್ಕೇರಿ ಕಡೆ ಇದ್ದು ಕನ್ನಡ ಶಾಲೆಯಲ್ಲಿ ಓದಿದವರು. ಇಬ್ಬರೂ ಆಡುವ ಮಾತು ಒಂದೇ, ಕಲಿತ ಲಿಪಿ ಬೇರೆ. ಹೀಗಿರುವಾಗ ಮೊಬೈಲಿನಲ್ಲಿ ಇಬ್ಬರೂ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವುದು, ಅದೂ ಬೇಸರವಾದರೆ ಚಿತ್ರ ಒತ್ತುವುದು ಸಹಜ. ಇಂಥವರಿಗೆ ಮುಗಿದ ಕೈ, ನಗುವ ಮುಖ ಎಂಬವು ಚಟವಲ್ಲ, ಸೇತುವೆ. ಆದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ದೀರ್ಘವೂ ಉಳಿಯದು, ಒತ್ತೂ ಉಳಿಯದು. ಎಷ್ಟೋ ಸಲ ಮಾತಿನ ಗೌರವವೂ ಅದರೊಡನೆ ಕಳಚಿಹೋಗುತ್ತದೆ. ಮುಗಿದ ಕೈ ನಮಸ್ಕಾರವೂ ಹೌದು, ಧನ್ಯವಾದವೂ ಹೌದು, ಕ್ಷಮೆಯೂ ಹೌದು, ಸಾವಿನ ಸುದ್ದಿಗೆ ಸಂತಾಪವೂ ಹೌದು, ಇನ್ನು ಮಾತು ಸಾಕು ಎಂಬುದೂ ಹೌದು. ಹಳದಿ-ಕೆಂಪು ಎರಡು ಹೃದಯ ಪಕ್ಕಪಕ್ಕ ಇಟ್ಟರೆ ಬೆಂಗಳೂರಿನವರಿಗೆ ಅದು ಕನ್ನಡದ ಬಾವುಟ. ಕೊಲ್ಹಾಪುರದ ಕಾಲೇಜು ಹುಡುಗಿಗೆ ಬರೀ ಬಣ್ಣದ ಹೃದಯ. ಗಡಿ ತಂಟೆ ಕಾವೇರಿದ ವಾರದಲ್ಲಿ ಅದೇ ಒಂದು ಘೋಷಣೆ.

ನುಡಿಗಟ್ಟುಗಳೂ ಹೀಗೆಯೇ ಬಳಗ ಬದಲಿಸುತ್ತವೆ. 2019ರ ಉಪಚುನಾವಣೆಯಲ್ಲಿ ಕಾಗವಾಡ ಕ್ಷೇತ್ರದ ಸಭೆಯೊಂದರಲ್ಲಿ ಸಿದ್ದರಾಮಯ್ಯನವರ ಭಾಷಣದ ನಡುವೆ ಒಬ್ಬರು ಕೂಗಿದ ‘ಹೌದೋ ಹುಲಿಯಾ’ ಅಪ್ಪಟ ಮೆಚ್ಚುಗೆಯ ಕೂಗು. ಮೊಬೈಲಿಗೆ ಬಂದ ಕೆಲವೇ ವಾರಗಳಲ್ಲಿ ಅದು ಮೆಚ್ಚುಗೆಗೂ ಲೇವಡಿಗೂ ಸಮನಾಗಿ ನಡೆಯತೊಡಗಿತು. ಕೊಲ್ಹಾಪುರದ ಗಲ್ಲಿಯ ‘ನಾದ ಖುಳಾ’ ಎಂಬ ಮೆಚ್ಚುಗೆಯ ಉದ್ಗಾರ ಈಗ ಮರಾಠಿ ಬಲ್ಲವರಿರುವ ಎಲ್ಲೆಡೆ ಓಡಾಡುತ್ತಿದೆ. ‘ಓಂ ಶಾಂತಿ’ ಸಾವಿನ ಮನೆಗೂ ಹೋಗುತ್ತದೆ, ಸೋತ ಕ್ರಿಕೆಟ್ ತಂಡವನ್ನು ಚುಡಾಯಿಸುವ ಚಿತ್ರಕ್ಕೂ ಹೋಗುತ್ತದೆ. ತಪ್ಪಾಗಿ ಓದುವ ಈ ಅಪಾಯ ಹೊಸದೂ ಅಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1982ರ ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್‌ಮನ್ ಎಂಬ ವಿಜ್ಞಾನಿ ವಿಸರ್ಗದಂಥ ಎರಡು ಚುಕ್ಕಿ, ಒಂದು ಅಡ್ಡಗೆರೆ, ಒಂದು ಕಂಸ ಸೇರಿಸಿ ಮಲಗಿದ ನಗುಮೊಗ ಸೂಚಿಸಿದ್ದಕ್ಕೆ ಕಾರಣವೇ ಇದು. ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ ಎಂಬ ಸಹೋದ್ಯೋಗಿಗಳ ತಮಾಷೆಯನ್ನು ಕೆಲವರು ನಿಜವೆಂದು ನಂಬಿದ್ದರು. ತಮಾಷೆಗೆ ಗುರುತು ಬೇಕಾಯಿತು. ಅಪಾರ್ಥ ತಡೆಯಲು ಹುಟ್ಟಿದ ಗುರುತೇ ಇಂದು ಅಪಾರ್ಥದ ಮೂಲವಾಗಿದೆ. ಬಳಗ ಸಣ್ಣದಿರುವವರೆಗೆ ಕೆಲಸ ಮಾಡಿದ ಉಪಾಯ, ಬಳಗ ಲೋಕದಷ್ಟು ಹಿಗ್ಗಿದಾಗ ಸೋತಿತು.

ಹಾಗಾದರೆ ಎಲ್ಲಕ್ಕೂ ಒಂದು ಅರ್ಥಕೋಶ ಮಾಡಿ ಠಾಣೆಗೂ ಶಾಲೆಗೂ ಹಂಚಬಾರದೇಕೆ ಎಂದು ಕೇಳುವವರಿದ್ದಾರೆ. ಗೊತ್ತಿಲ್ಲದ ಅಕ್ಷರಗುಚ್ಛದ ಸುಳಿವು ಹಿಡಿಯಲು ಪಟ್ಟಿ ಬೇಕು, ನಿಜ. ತೀರ್ಪು ಕೊಡಲು ಅದು ಸಾಲದು. ಬ್ರಿಟನ್ನಿನ ಪ್ರಧಾನಿಯಾಗಿದ್ದ ಡೇವಿಡ್ ಕ್ಯಾಮರೂನ್ ತಮ್ಮ ಸಂದೇಶಗಳ ಕೊನೆಗೆ ಎಲ್‌ಓಎಲ್ ಎಂದು ಬರೆಯುತ್ತಿದ್ದುದು, ಅದು ತುಂಬು ಪ್ರೀತಿ ಎಂದು ತಿಳಿದು. ಗಟ್ಟಿಯಾಗಿ ನಗುವುದು ಎಂಬ ಅರ್ಥ ಹೇಳಿಕೊಟ್ಟ ಮೇಲೆ ಅವರು ಬಿಟ್ಟರು ಎಂದು ಪತ್ರಿಕಾ ಸಂಪಾದಕಿಯಾಗಿದ್ದ ರೆಬೆಕಾ ಬ್ರೂಕ್ಸ್ 2012ರಲ್ಲಿ ವಿಚಾರಣಾ ಆಯೋಗದ ಮುಂದೆ ಹೇಳಿದರು. ಕೋಶ ತೆರೆದು ಅವರ ಹಳೆಯ ಸಂದೇಶ ಓದಿದ್ದರೆ ಪ್ರೀತಿಯ ಮಾತಿಗೆ ಅಪಹಾಸ್ಯದ ಅರ್ಥ ಬರುತ್ತಿತ್ತು. ಯೂನಿಕೋಡ್ ಸಂಸ್ಥೆ 2010ರಿಂದ ಈ ಚಿತ್ರಗಳಿಗೆ ಸಂಖ್ಯೆ, ಹೆಸರು ಕೊಟ್ಟು ಎಲ್ಲ ಫೋನುಗಳಲ್ಲೂ ಕಾಣುವಂತೆ ಮಾಡಿದೆ. ಮುಗಿದ ಕೈ ಎಂಬ ಹೆಸರನ್ನು ಅದು ಕೊಡಬಲ್ಲದು. ಗಡಹಿಂಗ್ಲಜದ ಸೊಸೆ ಅತ್ತೆಗೆ ಅದನ್ನು ಯಾವ ಮನಸ್ಸಿನಲ್ಲಿ ಕಳಿಸಿದಳು ಎಂದು ಹೇಳಲಾರದು. ಮಕ್ಕಳು ಗುಟ್ಟಿನ ಸಂಕೇತಗಳಲ್ಲಿ ಕೆಟ್ಟ ವ್ಯವಹಾರ ಮುಚ್ಚಿಡುತ್ತಾರೆಂಬ ಪಾಲಕರ ಭಯ ಸುಳ್ಳಲ್ಲ. ಆದರೆ ಪಟ್ಟಿ ಅಚ್ಚಾಗುವಷ್ಟರಲ್ಲಿ ಸಂಕೇತ ಬದಲಾಗಿರುತ್ತದೆ. ಕೇಳಿದರೆ ಮಗ ಹೇಳುವಂಥ ಸಲುಗೆಯೇ ಅಲ್ಲಿ ಕೋಶಕ್ಕಿಂತ ಹೆಚ್ಚು ಬಾಳುವುದು.

ಇನ್ನೂ ಗಟ್ಟಿಯಾದ ಆಕ್ಷೇಪ ಪೊಲೀಸರದು. 2023ರ ಜೂನ್ 7ರಂದು ಕೊಲ್ಹಾಪುರದಲ್ಲಿ ಏನಾಯಿತೆಂದು ಎಲ್ಲರೂ ಕಂಡಿದ್ದಾರೆ. ಕೆಲವರು ಹಾಕಿದ ಸ್ಟೇಟಸ್‌ಗಳ ವಿರುದ್ಧ ಕರೆಕೊಟ್ಟ ಪ್ರತಿಭಟನೆ ಕಲ್ಲು ತೂರಾಟಕ್ಕೆ ತಿರುಗಿತು, ಪೊಲೀಸರು ಲಾಠಿ ಬೀಸಿದರು, ಇಂಟರ್‌ನೆಟ್ ನಿಲ್ಲಿಸಬೇಕಾಯಿತು. ಊರು ಹೊತ್ತಿ ಉರಿಯುವಾಗ ಬಳಗ, ಹಿನ್ನೆಲೆ ಎಂದು ಕೂರಲು ಸಮಯವೆಲ್ಲಿ ಎಂಬ ಪ್ರಶ್ನೆಯಲ್ಲಿ ಹುರುಳಿದೆ. ಆದರೆ ಇಲ್ಲಿ ಎರಡು ಕೆಲಸಗಳು ಬೆರೆತುಹೋಗಿವೆ. ಬೀದಿಯ ಹಿಂಸೆ ತಡೆಯುವುದು ಗಂಟೆಗಳ ಕೆಲಸ, ಅದಕ್ಕೆ ಬಂದೋಬಸ್ತು ಬೇಕು. ಸ್ಟೇಟಸ್ ಅಪರಾಧವೋ ಅಲ್ಲವೋ ಎಂದು ನಿರ್ಧರಿಸುವುದು ದಿನಗಳ ಕೆಲಸ, ಅದಕ್ಕೆ ಓದು ಬೇಕು. ಈ ಓದಿಗೆ ಈಗ ಕಾನೂನೇ ಅವಕಾಶ ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3)ನೇ ಕಲಮಿನ ಪ್ರಕಾರ, ಮೂರರಿಂದ ಏಳು ವರ್ಷದೊಳಗೆ ಶಿಕ್ಷೆಯಿರುವ ಅಪರಾಧಗಳಲ್ಲಿ ಹಿರಿಯ ಅಧಿಕಾರಿಯ ಅನುಮತಿ ಪಡೆದು, ಪ್ರಕರಣ ದಾಖಲಿಸುವ ಮುನ್ನ 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. ಮಾತು-ಬರಹದ ಪ್ರಕರಣಗಳಲ್ಲಿ ಈ ದಾರಿ ಹಿಡಿಯುವುದೇ ಸರಿ ಎಂದು 2025ರ ಮಾರ್ಚ್ 28ರಂದು ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ ಓಕಾ-ಭುಯಾನ್ ಪೀಠವೇ ಹೇಳಿದೆ. ಆ 14 ದಿನಗಳಲ್ಲಿ ಮಾಡಬೇಕಾದದ್ದು ಇಷ್ಟು: ಸ್ಕ್ರೀನ್‌ಶಾಟ್ ಒಂದನ್ನೇ ನಂಬದೆ ಅದರ ಹಿಂದುಮುಂದಿನ ಸಂದೇಶ ನೋಡುವುದು, ಅದು ಯಾರಿಗೆಂದು ಬರೆದದ್ದು ಎಂದು ತಿಳಿಯುವುದು, ಆ ಭಾಷೆ ಬಲ್ಲವರಿಂದ ಓದಿಸುವುದು. ಇಪ್ಪತ್ತನಾಲ್ಕು ಗಂಟೆಗೆ ತಾನೇ ಅಳಿಯುವ ಸ್ಟೇಟಸ್‌ಗೆ ಸ್ಕ್ರೀನ್‌ಶಾಟ್ ಎಂಬುದು ಮರುಹುಟ್ಟು. ಮರುಹುಟ್ಟಿನಲ್ಲಿ ಅದರ ಬಳಗ ಜೊತೆಗೆ ಬರುವುದಿಲ್ಲ.

ಬಳಗವೇ ಅರ್ಥ ಕೊಡುವುದಾದರೆ ಕಿಡಿ ಹಚ್ಚಿದವನೂ ನಾಳೆ ‘ತಮಾಷೆಗೆ ಹಾಕಿದ್ದೆ’ ಎಂದು ನುಣುಚಿಕೊಳ್ಳುತ್ತಾನಲ್ಲ ಎಂಬುದು ಕೊನೆಯ ಆಕ್ಷೇಪ. ಹಿನ್ನೆಲೆ ನೋಡುವುದೆಂದರೆ ಬರೆದವನ ಮಾತನ್ನು ನಂಬುವುದು ಎಂದಲ್ಲ. ಹಿನ್ನೆಲೆ ಸಾಕ್ಷ್ಯ, ನೆಪವಲ್ಲ. ಕೆನಡಾದ ರೈತ ಸೋತದ್ದು ಹಿನ್ನೆಲೆಯಿಂದಲೇ. ಅವನದೇ ಹಳೆಯ ಉತ್ತರಗಳು ಅವನ ವಿರುದ್ಧ ನಿಂತವು. ಒಂದು ಕೋಮಿನ ಮೇಲೆ ಸಾಲುಸಾಲಾಗಿ ವಿಷ ಕಾರಿದವನು ಕೊನೆಗೆ ಒಂದು ನಗುಮೊಗ ಅಂಟಿಸಿದರೆ ಆ ನಗು ಅವನನ್ನು ಕಾಪಾಡಬೇಕಿಲ್ಲ, ಅಣಕವೆಂದೇ ಓದಬೇಕು. ಹಾಗೆಂದು ಎಲ್ಲ ನಗುವೂ ಅಪರಾಧವಲ್ಲ. 2018ರಲ್ಲಿ ಬಿಎಸ್ಎನ್ಎಲ್ ನೌಕರರ ಗುಂಪಿನಲ್ಲಿ ವಿಡಿಯೋ ಒಂದಕ್ಕೆ ಕಣ್ಣೀರು ಬರುವಂತೆ ನಗುವ ಮುಖ ಹಾಕಿದವರ ಮೇಲಿನ ಪ್ರಕರಣವನ್ನು ಮದ್ರಾಸ್ ಹೈಕೋರ್ಟ್ ರದ್ದುಮಾಡಿತು. ಆ ನಗು ಸಹೋದ್ಯೋಗಿಗೆ ನೋವು ಕೊಟ್ಟಿರಬಹುದು, ನೋವೆಲ್ಲವೂ ಅಪರಾಧವಾಗದು. ಅದಕ್ಕೆ ಪರಿಹಾರ ಕ್ಷಮೆಯಾಚನೆಯಲ್ಲಿದೆ, ಠಾಣೆಯಲ್ಲಿ ಅಲ್ಲ.

ಈ ವಾದ ಪ್ರಾಮಾಣಿಕವೋ ಅಲ್ಲವೋ ಎಂದು ಪರೀಕ್ಷಿಸಲು ಕನ್ನಡಿಗರಿಗೆ ಕೈಯಳತೆಯಲ್ಲೇ ಒಂದು ಒರೆಗಲ್ಲಿದೆ. ಕರಾಳ ದಿನ ಎಂಬ ಮಾತು ಗಡಿಯವರಿಗೆ ಕಾಶ್ಮೀರದಿಂದ ಬಂದದ್ದಲ್ಲ. 1956ರಲ್ಲಿ ರಾಜ್ಯ ರೂಪುಗೊಂಡಾಗಿನಿಂದ ನವೆಂಬರ್ 1 ನಮಗೆ ಉತ್ಸವವಾದರೆ ಬೆಳಗಾವಿಯ ಮಹಾರಾಷ್ಟ್ರ ಏಕೀಕರಣ ಸಮಿತಿಗೆ ಕರಾಳ ದಿನ. ಅಂದು ಪ್ರೊಫೈಲ್ ಚಿತ್ರ ಕಪ್ಪಾದರೆ ನಮ್ಮಲ್ಲಿ ಹಲವರಿಗೆ ಅದು ರಾಜ್ಯದ್ರೋಹವೆಂದೇ ಕಾಣುತ್ತದೆ. ಅದೇ ಹೊತ್ತಿಗೆ ಕೊಲ್ಹಾಪುರದಲ್ಲಿ ಕೂತ ಕನ್ನಡದ ಹುಡುಗ ಹಳದಿ-ಕೆಂಪು ಹೃದಯ ಹಾಕಿದರೆ ಅದು ಅಭಿಮಾನ, ಪ್ರಚೋದನೆಯಲ್ಲ ಎಂದು ವಾದಿಸಲು ನಾವೇ ಮುಂದಾಗುತ್ತೇವೆ. ನಮ್ಮವನ ಸ್ಟೇಟಸ್‌ಗೆ ಬಳಗದ ಅರ್ಥ, ಅವರವನ ಸ್ಟೇಟಸ್‌ಗೆ ಕೋಶದ ಅರ್ಥ ಎಂಬ ನ್ಯಾಯ ನಿಲ್ಲದು. ಗಡಿಭಾಗ ಮಹಾರಾಷ್ಟ್ರಕ್ಕೆ ಸೇರಬೇಕೆಂಬ ಸಮಿತಿಯ ಬೇಡಿಕೆಯನ್ನು ಬಲವಾಗಿ ವಿರೋಧಿಸುತ್ತಲೇ ಆ ಕಪ್ಪು ಚಿತ್ರವನ್ನು ಪ್ರತಿಭಟನೆ ಎಂದು ಓದಲು ಸಾಧ್ಯ. ಹಾತಕಣಂಗಲೆ ಪ್ರಕರಣದ ತೀರ್ಪು ಕೇಳುವುದು ಇಷ್ಟನ್ನೇ.

ಮೊಟಕು ಬರಹ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಗೆಳೆಯರ ಹರಟೆಗೆ, ಬೆಳಗಿನ ಶುಭಾಶಯಕ್ಕೆ ಅದು ಬೇಕಾದಷ್ಟಾಯಿತು. ಹಣ, ಸಾವು, ಜಾತಿ-ಧರ್ಮ-ಗಡಿ ಈ ಮೂರರ ವಿಷಯ ಬಂದಾಗ ಮಾತ್ರ ಪೂರ್ತಿ ವಾಕ್ಯ ಬರೆಯಿರಿ. ಯಾವ ಲಿಪಿಯಲ್ಲಾದರೂ ಸರಿ, ಕ್ರಿಯಾಪದ ಇರಲಿ, ಯಾರು ಯಾರಿಗೆ ಹೇಳಿದರೆಂಬುದು ಸ್ಪಷ್ಟವಿರಲಿ. ಮಗ್ಗದ ಮಾಲೀಕರ ಸಂಘಗಳು ದರ ಒಪ್ಪಿಗೆಗೆ ಎರಡು ಸಾಲಿನ ಒಂದು ನಮೂನೆ ಮಾಡಿ ಸದಸ್ಯರಿಗೆ ಕೊಡಲಿ. ಶಾಲೆಗಳು ಪತ್ರಲೇಖನದ ಪಾಠದ ಜೊತೆ ಸಂದೇಶಲೇಖನಕ್ಕೂ ಒಂದು ಗಂಟೆ ಇಡಲಿ. ಠಾಣೆಗಳು 14 ದಿನದ ಅವಕಾಶವನ್ನು ಬಳಸಲಿ. ಕೋಪ ತರಿಸುವ ಸ್ಕ್ರೀನ್‌ಶಾಟ್ ಕೈಗೆ ಬಂದಾಗ ನಾವು ಮಾಡಬಹುದಾದದ್ದು ಒಂದೇ: ಮುಂದಕ್ಕೆ ಕಳಿಸುವ ಮೊದಲು, ಬರೆದವರಿಗೇ ಫೋನ್ ಮಾಡಿ ಏನು ಹೇಳಹೊರಟಿದ್ದಿರಿ ಎಂದು ಕೇಳುವುದು. ಅಷ್ಟು ಪರಿಚಯ ಇಲ್ಲವೆಂದಾದರೆ ಅದರ ಅರ್ಥ ಹೇಳುವ ಅಧಿಕಾರವೂ ನಮಗಿಲ್ಲ.